ಹೃದಯ ಚಿಕಿತ್ಸೆಯ ಖರ್ಚು: ಸರ್ಕಾರಿ ದಾರಿ, ಖಾಸಗಿ ದಾರಿ ಎರಡನ್ನೂ ಒಂದೇ ಹಾಳೆಯಲ್ಲಿ ಲೆಕ್ಕ ಹಾಕುವ ಬಗೆ

ಹೃದಯದ ಮುಚ್ಚಿದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕಿಸೋಕೆ ಎಷ್ಟಾಗುತ್ತೆ ಅಂತ ವಿಚಾರಿಸಿದರೆ ಪ್ರತಿಯೊಬ್ಬರೂ ಒಂದೊಂದೇ ಅಂಕಿ ಹೇಳುತ್ತಾರೆ. ಒಬ್ಬರು 'ಒಂದೂವರೆ ಲಕ್ಷ' ಅಂತಾರೆ, ಇನ್ನೊಬ್ಬರು 'ಕಾರ್ಡ್ ಇದ್ರೆ ಪೂರ್ತಿ ಫ್ರೀ' ಅಂತಾರೆ. ಎರಡೂ ಸುಳ್ಳಲ್ಲ, ಎರಡೂ ಪೂರ್ತಿಯಲ್ಲ. ಆ ಅಂಕಿ ಸ್ಟೆಂಟ್ ಹಾಕುವ ಕೋಣೆ, ಅಂದರೆ ಕ್ಯಾಥ್‌ಲ್ಯಾಬ್ ಒಳಗೆ ಆಗುವ ಒಂದು ಗಂಟೆಯ ಕೆಲಸದ್ದು. ಅದಕ್ಕೆ ಮುಂಚಿನ ಪರೀಕ್ಷೆಗಳು, ಆಮೇಲಿನ ಐಸಿಯು ದಿನಗಳು, ಮುಂದಿನ ಒಂದು ವರ್ಷದ ಮಾತ್ರೆ, ಜೊತೆಗೆ ಬಂದವರ ಕೂಲಿ ನಷ್ಟ ಇವೆಲ್ಲ ಆ ಅಂಕಿಯ ಹೊರಗೆ ಉಳಿದಿರುತ್ತವೆ. ಹಾಗಾಗಿ ಹೋಲಿಕೆ ಮಾಡುವುದಾದರೆ ಒಂದು ಹಾಳೆ ತೆಗೆದುಕೊಂಡು ನಾಲ್ಕು ಸಾಲು ಬರೆಯಿರಿ: ಪರೀಕ್ಷೆ, ಚಿಕಿತ್ಸೆ, ಓಡಾಟ ಮತ್ತು ವಾಸ, ಮುಂದಿನ ಹನ್ನೆರಡು ತಿಂಗಳು. ಪ್ರತಿ ಆಸ್ಪತ್ರೆಗೂ ಈ ನಾಲ್ಕು ಸಾಲು ತುಂಬಿಸಿದ ಮೇಲೇ ಯಾವುದು ಅಗ್ಗ ಅನ್ನುವುದು ಗೊತ್ತಾಗುತ್ತದೆ.

ಆದರೆ ಒಂದು ಸಂದರ್ಭದಲ್ಲಿ ಈ ಹಾಳೆ ತೆಗೆಯಲೇಬಾರದು.

ಎದೆನೋವು ಬಂದ ಹೊತ್ತಿನಲ್ಲಿ

ಸಂಜೆ ಮಂಡಕ್ಕಿ–ಮಿರ್ಚಿ ತಿಂದು, ರಾತ್ರಿ ಎದೆ ಹಿಡಿದಂತಾದರೆ ದಾವಣಗೆರೆ ಕಡೆ ಅದಕ್ಕೆ 'ಗ್ಯಾಸ್ಟ್ರಿಕ್' ಎಂದೇ ಹೆಸರು. ಒಂದು ಸೋಡಾ, ಒಂದು ಮಾತ್ರೆ, ಬೆಳಗಾಗಲಿ ನೋಡೋಣ. ಹೃದಯಾಘಾತದಲ್ಲಿ ಅತಿ ದುಬಾರಿ ಬೀಳುವುದು ಈ 'ಬೆಳಗಾಗಲಿ'. ರಕ್ತನಾಳ ಮುಚ್ಚಿದಷ್ಟು ಹೊತ್ತೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ಹಾಗೆ ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಆಮೇಲೆ ಎಷ್ಟೇ ಒಳ್ಳೆಯ ಸ್ಟೆಂಟ್ ಹಾಕಿದರೂ ಪಂಪಿಂಗ್ ಕಡಿಮೆಯಾದ ಹೃದಯಕ್ಕೆ ಜೀವನಪೂರ್ತಿ ಔಷಧಿ, ಮೇಲಿಂದ ಮೇಲೆ ಅಡ್ಮಿಟ್.

ಎದೆ ಮಧ್ಯೆ ಭಾರ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು, ಉಸಿರಾಟದ ಕಷ್ಟ ಇದ್ದರೆ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಬೆವರು ಕಾಣಿಸಬಹುದು. ರೋಗಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ. ಗುರಿ ಒಂದೇ: ಹತ್ತಿರದಲ್ಲಿ ಇಸಿಜಿ ಎಲ್ಲಿ ಆಗುತ್ತದೋ ಅಲ್ಲಿಗೆ ತಲುಪುವುದು.

ರಾಜ್ಯ ಸರ್ಕಾರ 2023ರಲ್ಲಿ ಶುರು ಮಾಡಿದ 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆ ಇಲ್ಲಿ ಕೆಲಸಕ್ಕೆ ಬರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳುತ್ತಾರೆ. ದೊಡ್ಡ ಹೃದಯಾಘಾತ ಎಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ, ಉಚಿತವಾಗಿ. ಹೊರಗೆ ಇದೇ ಇಂಜೆಕ್ಷನ್‌ಗೆ 30,000ದಿಂದ 50,000 ರೂಪಾಯಿ ಆಗುತ್ತದೆ. ನೋವು ಶುರುವಾದ 12 ಗಂಟೆಯೊಳಗೆ ಇದನ್ನು ಕೊಡಬಹುದು. ಮೊದಲ ಎರಡು–ಮೂರು ಗಂಟೆಯೊಳಗೆ ಕೊಟ್ಟರೆ ಪ್ರಯೋಜನ ಬಹಳ ಹೆಚ್ಚು. ಇತ್ತೀಚೆಗೆ ಪಾರ್ಶ್ವವಾಯು, ರಕ್ತಸ್ರಾವ, ಆಪರೇಷನ್ ಆದವರಿಗೆ ಇದು ಆಗಿಬರುವುದಿಲ್ಲ. ಅಂಥದ್ದೇನಾದರೂ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.

'ಬೆಂಗಳೂರಿಗೇ ಹೋಗಿಬಿಡೋಣ' ಅನ್ನುವ ಹಟ ಈ ಹೊತ್ತಿನಲ್ಲಿ ಬೇಡ. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿ.ಮೀ., ದಾವಣಗೆರೆಯಿಂದ ಸುಮಾರು 260. ತುರ್ತಾಗಿ ಸ್ಟೆಂಟ್ ಹಾಕುವುದು ಇಂಜೆಕ್ಷನ್‌ಗಿಂತ ಮೇಲು ಎನ್ನುವುದು 120 ನಿಮಿಷದೊಳಗೆ ಕ್ಯಾಥ್‌ಲ್ಯಾಬ್ ತಲುಪಿ ನಾಳ ತೆರೆಯುವ ಹಾಗಿದ್ದರೆ ಮಾತ್ರ. ಜಗಳೂರಿನವರಿಗೆ ದಾವಣಗೆರೆ, ಹಿರಿಯೂರಿನವರಿಗೆ ಚಿತ್ರದುರ್ಗ ಆ ಅವಧಿಯೊಳಗೆ ಸಿಗಬಹುದು, ಬೆಂಗಳೂರು ಸಿಗುವುದಿಲ್ಲ. ಮೊದಲು ಇಂಜೆಕ್ಷನ್, ಆಮೇಲೆ ಸಾಮಾನ್ಯವಾಗಿ 24 ಗಂಟೆಯೊಳಗೆ ಆಂಜಿಯೊಗ್ರಾಂ, ಅಂದರೆ ಹೃದಯದ ನಾಳದಲ್ಲಿ ಬ್ಲಾಕ್ ಎಲ್ಲಿದೆ ಎಂದು ನೋಡುವ ಪರೀಕ್ಷೆ. ಹೋಲಿಕೆ ಮಾಡಲು ಸಮಯ ಸಿಗುವುದೂ ಆ ನಡುವಿನಲ್ಲಿಯೇ.

ತುರ್ತಿನಲ್ಲಿ ಖಾಸಗಿ ಆಸ್ಪತ್ರೆ ಬಾಗಿಲಿಗೆ ಹೋದರೂ ಅಡ್ವಾನ್ಸ್ ಕಟ್ಟಿಲ್ಲ ಎಂದು ಪ್ರಥಮ ಚಿಕಿತ್ಸೆ ನಿರಾಕರಿಸುವಂತಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುವುದು ಇದನ್ನೇ.

ಮೊದಲು ಕೈಯಲ್ಲಿರುವ ಕಾರ್ಡ್ ಯಾವುದು ನೋಡಿ

ಆಸ್ಪತ್ರೆ ಆರಿಸುವುದಕ್ಕೂ ಮೊದಲು ಮನೆಯಲ್ಲಿ ಏನೇನಿದೆ ಎಂದು ಹುಡುಕಿ. ಎಷ್ಟೋ ಮನೆಗಳಲ್ಲಿ ಯಶಸ್ವಿನಿ ಕಾರ್ಡ್ ದೇವರ ಮನೆಯ ಡಬ್ಬಿಯಲ್ಲಿರುತ್ತದೆ, ಸಾಲ ಮಾಡಿ ದುಡ್ಡು ಕಟ್ಟಿದ ಮೇಲೆ ನೆನಪಾಗುತ್ತದೆ.

ಬಿಪಿಎಲ್ ಪಡಿತರ ಚೀಟಿ ಇದ್ದರೆ 'ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ' ಅಡಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ. ಎಪಿಎಲ್ ಆಗಿದ್ದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಇಲ್ಲಿ ಬಹಳ ಜನ ಎಡವುತ್ತಾರೆ. ಶೇ 30 ಎಂದರೆ ಆಸ್ಪತ್ರೆಯ ಬಿಲ್ಲಿನ ಶೇ 30 ಅಲ್ಲ, ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ್ದು. ಲೆಕ್ಕಕ್ಕೆ ಒಂದು ಪ್ಯಾಕೇಜ್ 1,00,000 ರೂ. ಎಂದಿಟ್ಟುಕೊಳ್ಳಿ: ಸರ್ಕಾರದಿಂದ ಬರುವುದು 30,000. ಉಳಿದದ್ದು ನಿಮ್ಮದು.

ಯಶಸ್ವಿನಿ ಸಹಕಾರ ಸಂಘದ ಸದಸ್ಯರದು. 2018ರಲ್ಲಿ ನಿಂತಿದ್ದ ಈ ಯೋಜನೆ 2022ರಲ್ಲಿ ಮತ್ತೆ ಜೀವ ಪಡೆಯಿತು. ಹಾಲಿನ ಡೇರಿ, ವಿಎಸ್‌ಎಸ್‌ಎನ್‌ನಲ್ಲಿ (ಊರಿನ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ) ಸದಸ್ಯರಾಗಿದ್ದು ಎಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಶೇ 30ರ ದಾರಿಗಿಂತ ಯಶಸ್ವಿನಿಯೇ ವಾಸಿ. ಆದರೆ ನೋಂದಣಿಗೆ ವರ್ಷಕ್ಕೊಂದು ಗಡುವು ಇದೆ, ಕಾಯಿಲೆ ಬಂದ ಮೇಲೆ ಓಡಿದರೆ ಆಗುವುದಿಲ್ಲ. ಕಾರ್ಖಾನೆ, ಅಂಗಡಿಗಳಲ್ಲಿ ತಿಂಗಳಿಗೆ 21,000 ರೂ. ಒಳಗಿನ ಸಂಬಳಕ್ಕೆ ದುಡಿಯುವವರ ಪೇಸ್ಲಿಪ್‌ನಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇದೆಯೇ ನೋಡಿ. ಇದ್ದರೆ ಇಎಸ್‌ಐ ಆಸ್ಪತ್ರೆಯಿಂದಲೇ ಶುರು ಮಾಡಬೇಕು.

ಮಕ್ಕಳ ವಿಷಯ ಬೇರೆ. ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರ ಇದೆ ಎಂದರೆ ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳ ಆರೋಗ್ಯ ನೋಡುವ ಸರ್ಕಾರಿ ಆರ್‌ಬಿಎಸ್‌ಕೆ ತಂಡದ ಮೂಲಕ 18 ವರ್ಷದವರೆಗೂ ತಪಾಸಣೆ ಮತ್ತು ಶಸ್ತ್ರಚಿಕಿತ್ಸೆಗೆ ದಾರಿ ಇದೆ. ಬೆಂಗಳೂರಿನ ವೈಟ್‌ಫೀಲ್ಡ್ ಮತ್ತು ಪುಟ್ಟಪರ್ತಿಯ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಳಲ್ಲಿ ಯಾವ ಕಾರ್ಡೂ ಇಲ್ಲದೆ ಹೃದಯ ಚಿಕಿತ್ಸೆ ಉಚಿತ. ಅಲ್ಲಿ ಬಿಲ್ಲಿನ ಕೌಂಟರೇ ಇಲ್ಲ, ಸರದಿ ಮಾತ್ರ ಇದೆ.

ರೆಫರಲ್ ಪತ್ರ, ಹೆಬ್ಬೆಟ್ಟು, ಹೆಸರಿನ ತಪ್ಪು

ತುರ್ತಲ್ಲದ ಚಿಕಿತ್ಸೆಯಲ್ಲಿ ಬಿಪಿಎಲ್ ಕುಟುಂಬ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ನಡೆಯುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ಬೇಕಾದ ಚಿಕಿತ್ಸೆ ಅಲ್ಲಿ ಇಲ್ಲದಿದ್ದರೆ ರೆಫರಲ್ ಪತ್ರ ಕೊಡುತ್ತಾರೆ. ಅದನ್ನು ಹಿಡಿದು ಯೋಜನೆಯಲ್ಲಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಹೃದಯಾಘಾತದಂಥ ತುರ್ತಿಗೆ ಮಾತ್ರ ರೆಫರಲ್ ಬೇಕಿಲ್ಲ, ನೇರವಾಗಿ ಹೋಗಿ, ಯೋಜನೆಯ ಕೆಲಸ ನೋಡಿಕೊಳ್ಳಲು ಅಲ್ಲಿರುವ ಆರೋಗ್ಯಮಿತ್ರರನ್ನು ಕಾಣಬೇಕು.

ಒಯ್ಯಬೇಕಾದದ್ದು: ರೋಗಿಯ ಆಧಾರ್, ಪಡಿತರ ಚೀಟಿ, ಆಧಾರ್‌ಗೆ ಜೋಡಿಸಿದ ಮೊಬೈಲ್, ಹಳೆಯ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ವರದಿಗಳು. ಆಯುಷ್ಮಾನ್ ಕಾರ್ಡ್ ಮೊದಲೇ ಮಾಡಿಸಿಲ್ಲವಾದರೆ ಗಾಬರಿ ಬೇಡ, ಆಧಾರ್ ಮತ್ತು ಪಡಿತರ ಚೀಟಿಯಿಂದ ಅರ್ಹತೆ ನೋಡುತ್ತಾರೆ. ಕೆಲಸ ಕೆಡುವುದು ಬೇರೆ ಕಡೆ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಇರುತ್ತದೆ. ಆಧಾರ್‌ನಲ್ಲಿ 'ತಿಪ್ಪೇಸ್ವಾಮಿ', ಚೀಟಿಯಲ್ಲಿ 'ತಿಪ್ಪೇರುದ್ರಸ್ವಾಮಿ' ಎಂದಿರುತ್ತದೆ. ಹೊಲದಲ್ಲಿ ಸವೆದ ಬೆರಳನ್ನು ಯಂತ್ರ ಹಿಡಿಯುವುದಿಲ್ಲ, ಓಟಿಪಿ ತೆಗೆಯೋಣ ಎಂದರೆ ಮೊಬೈಲ್ ನಂಬರ್ ಬದಲಾಗಿ ವರ್ಷವಾಗಿರುತ್ತದೆ. ವೈದ್ಯರು 'ಆಂಜಿಯೊಗ್ರಾಂ ಬೇಕಾಗಬಹುದು' ಎಂದ ದಿನವೇ ಗ್ರಾಮ ಒನ್ ಅಥವಾ ಆಧಾರ್ ಕೇಂದ್ರಕ್ಕೆ ಹೋಗಿ ಇವನ್ನು ಸರಿಮಾಡಿಸಿಕೊಳ್ಳಿ.

ಇನ್ನೊಂದು ದುಬಾರಿ ತಪ್ಪು: 'ಈಗ ದುಡ್ಡು ಕಟ್ಟೋಣ, ಆಮೇಲೆ ಕಾರ್ಡಿನಲ್ಲಿ ವಾಪಸ್ ತಗೊಳ್ಳೋಣ.' ಇದು ನಗದುರಹಿತ ಯೋಜನೆ. ಆಸ್ಪತ್ರೆಯವರು ವರದಿಗಳನ್ನು ಕಳಿಸಿ ಚಿಕಿತ್ಸೆಗೆ ಮೊದಲೇ ಅನುಮತಿ ಪಡೆಯಬೇಕು. ನೀವು ಕೈಯಿಂದ ಕಟ್ಟಿ ರಸೀದಿ ಪಡೆದ ಮೇಲೆ ಆ ಹಣ ಯೋಜನೆಯಿಂದ ಹಿಂದಿರುಗುವುದಿಲ್ಲ. ಹಾಗೆಯೇ ಪ್ಯಾಕೇಜ್ ಇರುವುದು ಜನರಲ್ ವಾರ್ಡಿನ ಲೆಕ್ಕದಲ್ಲಿ. 'ಅಪ್ಪಾಜಿಗೆ ಸ್ಪೆಷಲ್ ರೂಮ್ ಇರಲಿ' ಎಂದು ಕೇಳುವ ಮೊದಲು ಯೋಜನೆ ಕೈತಪ್ಪುತ್ತದೆಯೇ ಎಂದು ಆರೋಗ್ಯಮಿತ್ರರನ್ನು ಕೇಳಿ. ಬಿಪಿಎಲ್ ರೋಗಿಯಿಂದ ಪ್ಯಾಕೇಜಿನೊಳಗಿನ ವಸ್ತುವಿಗೆ ಹೆಚ್ಚುವರಿ ಹಣ ಕೇಳಿದರೆ ರಸೀದಿ ಕೇಳಿ. ರಸೀದಿ ಕೊಡಲು ಹಿಂದೇಟು ಹಾಕಿದರೆ ಅದು ಕೊಡಬೇಕಿಲ್ಲದ ಹಣ ಎಂಬುದಕ್ಕೆ ಅದೇ ಉತ್ತರ. 104ಕ್ಕೆ ಅಥವಾ 14555ಕ್ಕೆ ಕರೆ ಮಾಡಿ ದೂರು ಕೊಡಿ.

ಖಾಸಗಿ ಎಸ್ಟಿಮೇಟ್ ಬಿಡಿಸಿ ಓದುವುದು

ಖಾಸಗಿ ಎಂದರೆ ಒಂದೇ ಬಗೆ ಅಲ್ಲ. ದಾವಣಗೆರೆಯ ಬಾಪೂಜಿ, ಎಸ್‌ಎಸ್, ಚಿತ್ರದುರ್ಗದ ಬಸವೇಶ್ವರ ಇವು ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಗಳು. ಇಂಥ ಕಡೆ ಹೊರರೋಗಿ ಶುಲ್ಕ, ಜನರಲ್ ವಾರ್ಡಿನ ದರ ಸಾಮಾನ್ಯವಾಗಿ ಕಾರ್ಪೊರೇಟ್ ಆಸ್ಪತ್ರೆಗಿಂತ ಕಡಿಮೆ. ಬರೀ ಪರೀಕ್ಷೆಗಳಿಗೆ ಇವನ್ನು ಬಳಸಿ, ಚಿಕಿತ್ಸೆಗೆ ಬೇರೆ ಕಡೆ ಹೋಗುವುದೂ ಒಂದು ದಾರಿ.

ಒಂದು ಔಷಧಲೇಪಿತ ಸ್ಟೆಂಟ್ ಹಾಕುವ ಆಂಜಿಯೊಪ್ಲಾಸ್ಟಿಗೆ ಖಾಸಗಿಯಲ್ಲಿ ಒಂದೂಕಾಲು ಲಕ್ಷದಿಂದ ಎರಡೂವರೆ ಲಕ್ಷದವರೆಗೂ ಕೇಳುತ್ತಾರೆ. ಈ ಅಂತರ ಎಲ್ಲಿಂದ ಬರುತ್ತದೆ? ಸ್ಟೆಂಟಿನಿಂದಲ್ಲ. ಔಷಧಲೇಪಿತ ಸ್ಟೆಂಟಿನ ಬೆಲೆ ಒಂದು ಕಾಲಕ್ಕೆ ಸರಾಸರಿ 1.21 ಲಕ್ಷ ಇತ್ತು. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಅದಕ್ಕೆ 29,600 ರೂ. ಮಿತಿ ಹಾಕಿತು. ಮಿತಿ ವರ್ಷವರ್ಷ ಪರಿಷ್ಕರಣೆಯಾಗಿ 2025ರ ಏಪ್ರಿಲ್‌ನಲ್ಲಿ ಸುಮಾರು 38,933 ರೂ. ಆಯಿತು, ತೆರಿಗೆ ಬೇರೆ. 'ಇದು ಅಮೆರಿಕದ ಸ್ಟೆಂಟ್, ಅದಕ್ಕೆ 80,000' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದೇಶಿ, ವಿದೇಶಿ ಎರಡಕ್ಕೂ ಮಿತಿ ಒಂದೇ.

ಅಂತರ ಇರುವುದು ಮಿತಿ ಇಲ್ಲದ ಸಾಮಾನುಗಳಲ್ಲಿ: ಬಲೂನ್, ಗೈಡ್ ವೈರ್, ಗೈಡಿಂಗ್ ಕ್ಯಾತೆಟರ್, ಕಾಂಟ್ರಾಸ್ಟ್ ದ್ರವ. ಜೊತೆಗೆ ಕ್ಯಾಥ್‌ಲ್ಯಾಬ್ ಶುಲ್ಕ, ವೈದ್ಯರ ಶುಲ್ಕ, ಐಸಿಯು ದಿನಗಳು. ಆದ್ದರಿಂದ ಎಸ್ಟಿಮೇಟ್ ಬರಹದಲ್ಲಿ ತೆಗೆದುಕೊಳ್ಳುವಾಗ ಇಷ್ಟು ಪ್ರಶ್ನೆ ಕೇಳಿ:

ಆಂಜಿಯೊಗ್ರಾಂ ಈ ಮೊತ್ತದೊಳಗೆ ಸೇರಿದೆಯೇ? ಒಂದು ಸ್ಟೆಂಟ್‌ಗೆ ಎಷ್ಟು, ಎರಡಕ್ಕೆ ಎಷ್ಟು? ಬಲೂನು, ವೈರು ಸೇರಿವೆಯೇ? ಐಸಿಯು ಎಷ್ಟು ದಿನ, ದಿನ ಹೆಚ್ಚಾದರೆ ದಿನಕ್ಕೆ ಎಷ್ಟು? ಬ್ಲಾಕ್ ಹೆಚ್ಚಿದ್ದು ಬೈಪಾಸ್ ಎಂದಾದರೆ ಇಲ್ಲಿಯೇ ಆಗುತ್ತದೆಯೇ, ಬೇರೆ ಕಡೆ ಕಳಿಸುತ್ತೀರಾ?

ಎರಡನೆಯ ಪ್ರಶ್ನೆಗೆ ಮೊದಲೇ ಉತ್ತರ ಪಡೆದಿರುವುದು ಬಹಳ ಮುಖ್ಯ. ರೋಗಿ ಟೇಬಲ್ ಮೇಲಿರುವಾಗ ಮಗನನ್ನು ಒಳಗೆ ಕರೆದು ಪರದೆ ತೋರಿಸಿ 'ಎರಡು ಬ್ಲಾಕ್ ಇದೆ, ಈಗಲೇ ಹೇಳಿ' ಎಂದಾಗ ಯಾರಿಗೂ ಲೆಕ್ಕ ತೋಚುವುದಿಲ್ಲ. ಒಳಗೆ ಕಳಿಸುವ ಮುನ್ನವೇ 'ಇಂತಿಷ್ಟಾದರೆ ಮುಂದುವರಿಸಿ, ಅದಕ್ಕಿಂತ ಹೆಚ್ಚಾದರೆ ನಿಲ್ಲಿಸಿ ಆಂಜಿಯೊಗ್ರಾಂ ಸಿಡಿ ಕೊಡಿ' ಎಂದು ಮನೆಯವರು ತೀರ್ಮಾನಿಸಿರಬೇಕು. ಹೃದಯಾಘಾತದ ಹೊತ್ತಿನಲ್ಲಿ ಮಾತ್ರ ಈ ಮಾತು ಬೇಡ, ಮುಚ್ಚಿದ ನಾಳವನ್ನು ಆಗಲೇ ತೆರೆಯಲಿ.

ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆಯನ್ನು ಬೇರೆ ಸಾಲಾಗಿ, ಬ್ರ್ಯಾಂಡ್, ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಸಮೇತ ತೋರಿಸಬೇಕೆಂಬುದು ನಿಯಮ. ಪೊಟ್ಟಣದ ಸ್ಟಿಕ್ಕರ್ ಅನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಡಲು ಕೇಳಿ, ಎಷ್ಟು ಸ್ಟಿಕ್ಕರ್ ಇವೆಯೋ ಬಿಲ್ಲಿನಲ್ಲಿ ಅಷ್ಟೇ ಸ್ಟೆಂಟ್ ಇರಬೇಕು. ಔಷಧಿ ಅಂಗಡಿಯಿಂದ ತರಿಸಿ ಬಳಸದೆ ಉಳಿದದ್ದನ್ನು ವಾಪಸ್ ಕೊಟ್ಟು ಕಡಿತ ಮಾಡಿಸಿಕೊಳ್ಳಿ. ಬಿಲ್ಲಿನ ಬಗ್ಗೆ ತಕರಾರು ಉಳಿದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ, ಅಂದರೆ ರೂಢಿಯಲ್ಲಿ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಗೆ, ಬರಹದಲ್ಲಿ ದೂರು ಕೊಡಬಹುದು.

ಮೆಡಿಕ್ಲೇಮ್ ಇರುವವರು ಕೊಠಡಿ ಬಾಡಿಗೆಯ ಮಿತಿಯನ್ನು ಮೊದಲು ಓದಿಕೊಳ್ಳಿ. 3 ಲಕ್ಷದ ಪಾಲಿಸಿಗೆ ದಿನಕ್ಕೆ ಶೇ 1 ಮಿತಿ ಇದ್ದರೆ 3,000 ರೂ.ವರೆಗಿನ ರೂಮು. 6,000ದ ರೂಮು ಹಿಡಿದರೆ ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ, ವೈದ್ಯರ ಶುಲ್ಕದಂಥ, ರೂಮಿಗೆ ಜೋಡಿಸಿದ ಖರ್ಚಿನಲ್ಲೂ ಅರ್ಧ ಕಡಿತವಾಗಬಹುದು. ಸ್ಟೆಂಟ್, ಔಷಧಿ, ಪರೀಕ್ಷೆಗಳಿಗೆ ಈ ಕಡಿತ ಹಾಕುವಂತಿಲ್ಲ. ಹಾಕಿದ್ದರೆ ಪ್ರಶ್ನಿಸಿ.

ಜಯದೇವಕ್ಕೆ ಹೋಗುವುದಾದರೆ

ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ ಸ್ವಾಯತ್ತ ಸಂಸ್ಥೆ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಅದರ ಆಸ್ಪತ್ರೆಗಳಿವೆ. ನಮ್ಮ ಕಡೆಯವರಿಗೆ ಬೆಂಗಳೂರೇ ಹತ್ತಿರ. ಕಾರ್ಡ್ ಇಲ್ಲದವರಿಗೆ ಅಲ್ಲಿ ಉಚಿತವಲ್ಲ, ಆದರೆ ದರ ಖಾಸಗಿಗಿಂತ ಸ್ಪಷ್ಟವಾಗಿ ಕಡಿಮೆ. ನೋಡುವ ರೋಗಿಗಳ ಸಂಖ್ಯೆಯಿಂದಾಗಿ ವೈದ್ಯರ ಕೈಪಳಗಿಕೆಯಲ್ಲೂ ಹಿಂದೆ ಬಿದ್ದಿಲ್ಲ. ಅಲ್ಲಿ ಕೊಡಬೇಕಾದ ಬೆಲೆ ಕಾಯುವಿಕೆ.

ಆ ಕಾಯುವಿಕೆಗೂ ದುಡ್ಡಿನ ಲೆಕ್ಕ ಹಾಕಿ. ದಾವಣಗೆರೆಯಿಂದ ರೋಗಿ ಮತ್ತು ಒಬ್ಬ ಜೊತೆಗಾರ ಮೂರು ಸಲ ಹೋಗಿಬರಬೇಕು, ಬಸ್ಸಿಗೆ ಒಂದು ಕಡೆಗೆ 400 ರೂ. ಎಂದಿಟ್ಟುಕೊಂಡರೆ 4,800. ಇಬ್ಬರ ಕೂಲಿ ದಿನಕ್ಕೆ 500ರಂತೆ 12 ದಿನ ಹೋದರೆ 12,000. ಎಂಟು ದಿನ ಊಟ, ಉಳಿಯಲು ದಿನಕ್ಕೆ 600ರಂತೆ 4,800. ಒಟ್ಟು 21,600. ಈ ಮೊತ್ತವನ್ನು ಜಯದೇವದ ದರಕ್ಕೆ ಕೂಡಿಸಿ ದಾವಣಗೆರೆಯ ಖಾಸಗಿ ಎಸ್ಟಿಮೇಟ್ ಪಕ್ಕ ಇಡಿ. ಬೈಪಾಸ್, ಕವಾಟದ ಆಪರೇಷನ್‌ಗಳಲ್ಲಿ ಇಷ್ಟು ಕೂಡಿಸಿದರೂ ಸರ್ಕಾರಿ ದಾರಿಯೇ ಅಗ್ಗ, ಏಕೆಂದರೆ ಖಾಸಗಿಯಲ್ಲಿ ಅವು ಹಲವು ಲಕ್ಷದ ಮಾತು. ಬರೀ ಎಕೋ, ಟಿಎಂಟಿ (ನಡೆಸುತ್ತಾ ತೆಗೆಯುವ ಇಸಿಜಿ), ತಪಾಸಣೆಗೆಂದು ಬೆಂಗಳೂರಿಗೆ ಹೋಗುವುದು ಮಾತ್ರ ಶುದ್ಧ ನಷ್ಟ, ಊರಲ್ಲೇ ಮಾಡಿಸಿ ವರದಿ ಒಯ್ಯಿರಿ. ಜೊತೆಗೆ ಹೆಣ್ಣುಮಕ್ಕಳು ಹೋಗುವುದಾದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನ ಟಿಕೆಟ್ ಉಳಿಯುತ್ತದೆ.

ದಿನಾಂಕವನ್ನು ಮೆಕ್ಕೆಜೋಳ ಮುರಿಯುವ, ಅಡಿಕೆ ಕೊಯ್ಲಿನ ಹೊತ್ತು ತಪ್ಪಿಸಿ ಕೇಳಬಹುದೇ? ಸ್ಥಿರವಾಗಿರುವ ರೋಗಿಗೆ ವೈದ್ಯರು ಒಪ್ಪಿದರೆ ಸರಿ. ಸುಮ್ಮನೆ ಕೂತಾಗಲೂ ನೋವು ಬರುತ್ತಿದ್ದರೆ ಕೊಯ್ಲು ಕಾಯಲಿ.

ಸ್ಟೆಂಟ್ ಬೇಕೇ ಬೇಕೆ?

ಎಲ್ಲಕ್ಕಿಂತ ದೊಡ್ಡ ಉಳಿತಾಯ ಈ ಪ್ರಶ್ನೆಯಲ್ಲಿದೆ. ಹೃದಯಾಘಾತ ಆಗಿಲ್ಲ, ನಡೆದಾಗ ಮಾತ್ರ ಎದೆ ಬಿಗಿಯುತ್ತದೆ, ಮಾತ್ರೆಯಿಂದ ಹತೋಟಿಯಲ್ಲಿದೆ ಎನ್ನುವಂಥ ರೋಗಿಗಳಲ್ಲಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೆ ಸಾವು, ಹೃದಯಾಘಾತ ಒಟ್ಟಾರೆ ಕಡಿಮೆಯಾಗುವುದಿಲ್ಲ ಎಂದು 2020ರಲ್ಲಿ ಪ್ರಕಟವಾದ 'ಇಸ್ಕೀಮಿಯಾ' ಎಂಬ ದೊಡ್ಡ ಅಧ್ಯಯನ ತೋರಿಸಿತು. ನೋವಿನ ಉಪಶಮನ ಹೆಚ್ಚು ಸಿಗುವುದು ನಿಜ. ಎಡಭಾಗದ ಮುಖ್ಯ ನಾಳದ ಬ್ಲಾಕ್, ಪಂಪಿಂಗ್ ತೀರಾ ಕಡಿಮೆ ಇರುವವರು ಈ ಮಾತಿಗೆ ಹೊರತು. ಆಂಜಿಯೊಗ್ರಾಂ ಸಿಡಿ ಕೇಳಿ ಪಡೆದು ಇನ್ನೊಬ್ಬ ಹೃದ್ರೋಗ ತಜ್ಞರಿಗೆ ತೋರಿಸಿ. ಕೆಲವು ನೂರು ರೂಪಾಯಿಯ ಕನ್ಸಲ್ಟೇಷನ್ ಒಂದೂವರೆ ಲಕ್ಷದ ಖರ್ಚು ಬೇಕೇ ಬೇಡವೇ ಎಂದು ಹೇಳಬಲ್ಲದು.

ಮನೆಗೆ ಬಂದ ಮೇಲಿನ ಹನ್ನೆರಡು ತಿಂಗಳು

ನಾಲ್ಕನೆಯ ಸಾಲನ್ನು ಬಹಳ ಜನ ಖಾಲಿ ಬಿಡುತ್ತಾರೆ. ಹೃದಯಾಘಾತಕ್ಕೆ ಸ್ಟೆಂಟ್ ಹಾಕಿದ್ದರೆ ರಕ್ತ ತೆಳು ಮಾಡುವ ಎರಡು ಮಾತ್ರೆ, ಅಂದರೆ ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್, ಸಾಮಾನ್ಯವಾಗಿ ಒಂದು ವರ್ಷ. ದುಡ್ಡು ಮುಗಿಯಿತು ಎಂದೋ, ಹಲ್ಲು ಕೀಳಿಸಬೇಕು ಎಂದೋ ತಾವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಹಾಗಾದರೆ ಅದು ಇನ್ನೊಂದು ಹೃದಯಾಘಾತ, ಇನ್ನೊಂದು ಬಿಲ್ಲು. ಟಿಕಾಗ್ರೆಲಾರ್ ದಿನಕ್ಕೆರಡು ಸಲದ ಮಾತ್ರೆ, ಬೆಲೆಯೂ ಹೆಚ್ಚು. ವರ್ಷಪೂರ್ತಿ ಕೊಳ್ಳಲು ಆಗದಿದ್ದರೆ ಡಿಸ್ಚಾರ್ಜ್ ದಿನವೇ ವೈದ್ಯರಿಗೆ ಹೇಳಿ, ಕ್ಲೊಪಿಡೊಗ್ರೆಲ್‌ಗೆ ಬದಲಿಸಬಹುದೇ ಎಂದು ಅವರು ನಿರ್ಧರಿಸಲಿ. ಚೀಟಿಯಲ್ಲಿ ಬ್ರ್ಯಾಂಡ್ ಬದಲು ಔಷಧಿಯ ಮೂಲ ಹೆಸರು ಬರೆಸಿಕೊಂಡರೆ ಜನೌಷಧಿ ಅಂಗಡಿಯಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಬಿಪಿ, ಸಕ್ಕರೆ ಮಾತ್ರೆಗಳನ್ನು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಂಟುರೋಗವಲ್ಲದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಪುಕ್ಕಟೆ ಕೊಡುತ್ತಾರೆ.

ಕವಾಟ ಬದಲಿಸುವವರು ಆಪರೇಷನ್‌ಗೆ ಮೊದಲೇ ಈ ಸಾಲನ್ನು ಬರೆಯಬೇಕು. ಲೋಹದ ಕವಾಟ ಬಾಳಿಕೆ ಬರುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರಾಮ್‌ನಂಥ ಮಾತ್ರೆ ಸಾಯುವವರೆಗೂ ಬೇಕು, ಆ ಮಾತ್ರೆಯ ಪ್ರಮಾಣ ಸರಿಯಿದೆಯೇ ಎಂದು ನೋಡಲು ಮೇಲಿಂದ ಮೇಲೆ ಐಎನ್‌ಆರ್ ರಕ್ತಪರೀಕ್ಷೆಯೂ ಬೇಕು. ಅಂಗಾಂಶದ ಕವಾಟಕ್ಕೆ ಆ ತಾಪತ್ರಯ ಕಡಿಮೆ, ಆದರೆ 10–15 ವರ್ಷಕ್ಕೆ ಮತ್ತೆ ಬದಲಿಸಬೇಕಾಗಬಹುದು. ಮೊಳಕಾಲ್ಮುರಿನ ಹಳ್ಳಿಯಲ್ಲಿರುವವರು ಮೊದಲು ವಿಚಾರಿಸಬೇಕಾದದ್ದು ಹತ್ತಿರದಲ್ಲಿ ಐಎನ್‌ಆರ್ ಎಲ್ಲಿ ಆಗುತ್ತದೆ, ವರದಿ ಅದೇ ದಿನ ಸಿಗುತ್ತದೆಯೇ ಎಂಬುದು. ಮುಂದೆ ಮಗು ಬೇಕೆನ್ನುವ ಹೆಣ್ಣುಮಗಳಾದರೆ ಆ ಮಾತನ್ನೂ ಸರ್ಜನ್ ಮುಂದೆ ಬಿಚ್ಚಿ ಹೇಳಬೇಕು, ಈ ಮಾತ್ರೆ ಗರ್ಭದ ಮಗುವಿಗೆ ತೊಂದರೆ ಮಾಡಬಲ್ಲದು.